ದೊಡ್ಡ ರೈಫಲ್ ಒದ್ದರೆ ಭುಜ ಉಳಿಯುತ್ತದೆಯೇ?

ಪ್ರಶ್ನೆ: ಕಾರವಾರದ ಟ್ಯಾಗೋರ್ ಕಡಲತೀರದಲ್ಲಿ ಐಎನ್‌ಎಸ್ ಚಪಲ್ ಹಡಗು ನೋಡಿ ಬಂದೆವು. ಅದರ ಫಿರಂಗಿ ಕಂಡ ಮಗಳು, ‘ಇಂಥ ಗುಂಡನ್ನು ಮನುಷ್ಯ ಭುಜಕ್ಕಿಟ್ಟು ಹೊಡೀಬಹುದಾ?’ ಎಂದಳು. ನಮ್ಮ ಅಜ್ಜನ ಕೇಪಿನ ಕೋವಿಯೇ ಚೆನ್ನಾಗಿ ಒದೆಯುತ್ತಿತ್ತು. ಹೊಸದಾಗಿ ದೊಡ್ಡ ಕ್ಯಾಲಿಬರ್ ರೈಫಲ್ ತಯಾರಿಸುವವರು ಈ ಒದೆಗೆ ಏನು ಮಾಡುತ್ತಾರೆ? – ಶಿರಸಿ ಕಡೆಯ ಓದುಗರು

ಉತ್ತರ: ಮಗಳ ಪ್ರಶ್ನೆ ಚೆನ್ನಾಗಿದೆ. ಚಪಲ್ ಮೇಲಿನ ಫಿರಂಗಿಯ ಕ್ಯಾಲಿಬರ್, ಅಂದರೆ ನಳಿಗೆಯ ಒಳ ಅಗಲ, 30 ಮಿ.ಮೀ. ಅದನ್ನು ಡೆಕ್ಕಿಗೇ ಬಿಗಿದಿದ್ದಾರೆ. ಒದೆಯನ್ನು ಇನ್ನೂರು ಟನ್ನಿಗೂ ಜಾಸ್ತಿ ತೂಗುವ ಹಡಗು ನುಂಗಿಕೊಳ್ಳುತ್ತದೆ. ಭುಜದ ಹಿಂದೆ ಹಡಗು ಇರುವುದಿಲ್ಲ, ಅದೇ ತೊಂದರೆ.

ಪಾತಿ ದೋಣಿಯಿಂದ ದಡಕ್ಕೆ ಹಾರಿದವರಿಗೆ ಒದೆ ಅಂದರೇನು ಎಂದು ಬಿಡಿಸಿ ಹೇಳಬೇಕಿಲ್ಲ. ನಾವು ಮುಂದೆ ಹಾರಿದರೆ ದೋಣಿ ಹಿಂದೆ ಸರಿಯುತ್ತದೆ. ದೋಣಿ ಹಗುರವಾದಷ್ಟೂ ಜೋರಾಗಿ ಸರಿಯುತ್ತದೆ. ಕೋವಿಯಲ್ಲೂ ಅಷ್ಟೇ.

12.7 ಮಿ.ಮೀ. ರೈಫಲ್ ತೆಗೆದುಕೊಳ್ಳಿ. ಅದರ ಗುಂಡು ಸುಮಾರು 42 ಗ್ರಾಂ, ವೇಗ ಸೆಕೆಂಡಿಗೆ ಸುಮಾರು 900 ಮೀಟರ್. ಜೊತೆಗೆ ಸುಮಾರು 15 ಗ್ರಾಂ ಸಿಡಿಮದ್ದು ಉರಿದು ಅನಿಲವಾಗಿ, ಗುಂಡಿಗಿಂತ ಜೋರಾಗಿ ನಳಿಗೆಯಿಂದ ನುಗ್ಗುತ್ತದೆ. ಈ ಅನಿಲವನ್ನು ಜನ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಆದರೆ ಒಟ್ಟು ಒದೆಯಲ್ಲಿ ಸುಮಾರು ಮೂರನೇ ಒಂದು ಪಾಲು ಅದರದ್ದೇ. ರೈಫಲ್ 14 ಕಿಲೋ ಇದ್ದರೆ ಸೆಕೆಂಡಿಗೆ ಸುಮಾರು 4 ಮೀಟರ್ ವೇಗದಲ್ಲಿ ಹಿಂದೆ ಬರುತ್ತದೆ. 7 ಕಿಲೋ ಇದ್ದರೆ ವೇಗ ಎರಡರಷ್ಟು, ಏಟಿನ ಶಕ್ತಿಯೂ ಎರಡರಷ್ಟು. ಹಾಗಾಗಿ ಒದೆಗೆ ಮೊದಲ ಮದ್ದು ತೂಕ. ಹೊತ್ತು ನಡೆಯುವವನನ್ನು ಕೇಳಿದರೆ ಇದು ಮದ್ದಲ್ಲ, ರೋಗ ಅನ್ನುತ್ತಾನೆ!

ಎರಡನೆಯದು ಸ್ಪ್ರಿಂಗ್. ಅಡಿಕೆ ಕೊಯ್ಲಿನಲ್ಲಿ ಮರದ ಮೇಲಿನ ಕೊನೆಗೌಡ ಹಗ್ಗದ ಮೇಲೆ ಅಡಿಕೆ ಗೊನೆ ಜಾರಿಸಿದಾಗ ಕೆಳಗಿನವನು ಸೆಟೆದು ನಿಂತು ಹಿಡಿಯುತ್ತಾನೆಯೇ? ಇಲ್ಲ, ಕೈಯನ್ನೂ ಮೈಯನ್ನೂ ಸ್ವಲ್ಪ ಹಿಂದೆ ಬಿಡುತ್ತಾನೆ. ಬಂದ ವೇಗ ಅಷ್ಟೇ, ಆದರೆ ಅದು ನಿಲ್ಲಲು ಹಿಡಿದ ಹೊತ್ತು ಜಾಸ್ತಿ. 1982ರಲ್ಲಿ ಅಮೆರಿಕದ ರಾನಿ ಬ್ಯಾರೆಟ್ ರೂಪಿಸಿದ ರೈಫಲ್‌ನಲ್ಲಿ ನಳಿಗೆಯೇ ಸ್ಪ್ರಿಂಗ್ ಮೇಲೆ ಸ್ವಲ್ಪ ಹಿಂದೆ ಜಾರುತ್ತದೆ. ಒಂದೇ ಏಟು ಬೀಳುವ ಬದಲು ನೂಕಿದ ಹಾಗಾಗುತ್ತದೆ.

ಮೂರನೆಯದು ನಳಿಗೆ ತುದಿಯಲ್ಲಿ ಕಾಣುವ, ಅಕ್ಕಪಕ್ಕ ಕಿಂಡಿ ಇರುವ ದಪ್ಪ ತಲೆ. ಅದಕ್ಕೆ ಮಝಲ್ ಬ್ರೇಕ್ ಎನ್ನುತ್ತಾರೆ. ಗುಂಡಿನ ಹಿಂದೆ ನುಗ್ಗುವ ಅನಿಲವನ್ನು ಅದು ಬದಿಗೂ ಹಿಂದಕ್ಕೂ ತಿರುಗಿಸುತ್ತದೆ. ಆಗ ಅನಿಲವೇ ರೈಫಲ್ಲನ್ನು ಮುಂದಕ್ಕೆ ಎಳೆಯುತ್ತದೆ. ನನ್ನ ಲೆಕ್ಕದಲ್ಲಿ ಮೂರರಲ್ಲಿ ಇದೇ ಜಾಣತನದ್ದು. ಬಿಟ್ಟಿ ಏನಲ್ಲ, ಅಲ್ವಾ? ಸದ್ದು ಹೊಡೆಯುವವನ ಕಡೆಗೇ ತಿರುಗುತ್ತದೆ, ಪಕ್ಕದಲ್ಲಿ ಕೂತವನ ಕಿವಿಗೆ ಬಡಿಯುತ್ತದೆ. ನೆಲದ ಧೂಳು ಎದ್ದು ಅಡಗಿ ಕೂತ ಜಾಗವನ್ನು ದೂರಕ್ಕೇ ತೋರಿಸಿಕೊಡುತ್ತದೆ.

ಹೊಸ ಮಾದರಿಯ ಮೊದಲ ಗುಂಡನ್ನು ಯಾರೂ ಭುಜಕ್ಕಿಟ್ಟು ಹೊಡೆಯುವುದಿಲ್ಲ. ಮದ್ದು ಉರಿದಾಗ ಒಳಗಿನ ಒತ್ತಡ ಹೊರಗಿನ ಗಾಳಿಯ ಒತ್ತಡಕ್ಕಿಂತ ಮೂರೂವರೆ ಸಾವಿರ ಪಟ್ಟಿಗೂ ಜಾಸ್ತಿ ಏರುತ್ತದೆ. ಲೋಹದಲ್ಲಿ ಕಣ್ಣಿಗೆ ಕಾಣದ ಬಿರುಕಿದ್ದರೆ ಒದೆಯ ಮಾತೇ ಬರುವುದಿಲ್ಲ, ನೇರ ಜೀವಕ್ಕೇ ಬರುತ್ತದೆ. ಅದಕ್ಕೇ ರೈಫಲ್ಲನ್ನು ಗಟ್ಟಿ ಸ್ಟ್ಯಾಂಡಿಗೆ ಬಿಗಿದು, ಗೋಡೆಯಾಚೆ ನಿಂತು, ಮಾಮೂಲಿಗಿಂತ ಜಾಸ್ತಿ ಒತ್ತಡದ ತೋಟಾ ಹಾರಿಸಿ ನೋಡುತ್ತಾರೆ. ಆಮೇಲೆ ಬಿಚ್ಚಿ ಅಳೆಯುತ್ತಾರೆ. ಬ್ರೇಕಿನ ಕಿಂಡಿ ತಿದ್ದುತ್ತಾರೆ, ಸ್ಪ್ರಿಂಗ್ ಬದಲಿಸುತ್ತಾರೆ, ಮತ್ತೆ ಹಾರಿಸುತ್ತಾರೆ. ಪ್ರಗತಿ ಆಮೆ ನಡಿಗೆಯಲ್ಲಿ ಕಾಣುವುದು ಸುಮ್ನೆ ಅಲ್ಲ. ಅಂದಹಾಗೆ, ಇದು ಕುಲುಮೆಯಲ್ಲಿ ಕೂತು ಪ್ರಯತ್ನಿಸುವ ಕೆಲಸವಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ ಕೋವಿ ತಯಾರಿಸುವುದೇ ಅಪರಾಧ. ಬೆಳೆ ಕಾಯಲು ಕೊಟ್ಟ ಲೈಸೆನ್ಸ್ ಕೋವಿ ಇಟ್ಟುಕೊಳ್ಳುವುದಕ್ಕೆ, ಮಾಡುವುದಕ್ಕಲ್ಲ.

ಇನ್ನು ಮಗಳ ಪ್ರಶ್ನೆಗೆ. 30 ಮಿ.ಮೀ. ಆಗದ ಮಾತು, ಆದರೆ 20 ಮಿ.ಮೀ.ವರೆಗೂ ಮನುಷ್ಯ ಹೋಗಿದ್ದಾನೆ. ತಿರುಚಿರಾಪಳ್ಳಿಯ ಶಸ್ತ್ರಾಸ್ತ್ರ ಕಾರ್ಖಾನೆಯ ‘ವಿಧ್ವಂಸಕ’ ರೈಫಲ್ 12.7, 14.5 ಮತ್ತು 20 ಮಿ.ಮೀ. ಮೂರರಲ್ಲೂ ಇದೆ. ಅದರ ಕಾಲುಗಳನ್ನು ನೆಲಕ್ಕೆ ಊರಿಸಿ, ಮಲಗಿ ಹೊಡೆಯುತ್ತಾರೆ. ಒಯ್ಯುವಾಗ ಎರಡು ಭಾಗ ಮಾಡಿ ಇಬ್ಬರು ಹೊರುತ್ತಾರೆ.