ಸಂಧ್ಯಾ ಸುರಕ್ಷಾ ಅರ್ಜಿ ಪರಿಶೀಲನೆ: ಯಾವ ದಾಖಲೆ ಯಾವುದಕ್ಕೆ ಪುರಾವೆ?

ಗ್ರಾಮ ಆಡಳಿತ ಅಧಿಕಾರಿ ಹುದ್ದೆಗೆ ಓದುತ್ತಿರುವವರಿಗೆ, ಹೊಸದಾಗಿ ವೃತ್ತಕ್ಕೆ ಬಂದವರಿಗೆ ಈ ಟಿಪ್ಪಣಿ. ವೃದ್ಧರ ಅರ್ಜಿಯಲ್ಲಿ ಕಾಗದಗಳು ಒಂದಕ್ಕೊಂದು ತಾಳೆಯಾಗದಿರುವುದೇ ಸಾಮಾನ್ಯ, ಎಲ್ಲವೂ ಹೊಂದಿಕೊಂಡಿರುವುದು ಅಪರೂಪ. ಹಾಗಾಗಿ ಪ್ರತಿ ದಾಖಲೆ ಯಾವ ಒಂದು ಸಂಗತಿಗೆ ಪುರಾವೆ, ಯಾವುದಕ್ಕೆ ಅಲ್ಲ ಎಂಬುದು ಮೊದಲು ತಲೆಯಲ್ಲಿರಬೇಕು.

ಷರತ್ತುಗಳು ಚುಟುಕಾಗಿ: ವೃದ್ಧರಿಗೆ ಮಾಸಾಶನ ಕೊಡಲು ರಾಜ್ಯದಲ್ಲಿ 2007ರಲ್ಲಿ ಶುರುವಾದ ಸಂಧ್ಯಾ ಸುರಕ್ಷಾ ಯೋಜನೆಗೆ 65 ವರ್ಷ ತುಂಬಿರಬೇಕು. ಗಂಡ-ಹೆಂಡತಿ ಇಬ್ಬರ ಆದಾಯ ಸೇರಿ ವರ್ಷಕ್ಕೆ 32,000 ರೂ. ಮೀರಬಾರದು (ಮೊದಲು ಈ ಮಿತಿ 20,000 ಇತ್ತು). ಇಬ್ಬರ ಠೇವಣಿ ಸೇರಿ 10,000 ರೂ. ದಾಟಬಾರದು. ಬೇರೆ ಯಾವುದೇ ಪಿಂಚಣಿ ಬರುತ್ತಿರಬಾರದು. ಸಣ್ಣ ಮತ್ತು ಅತಿಸಣ್ಣ ರೈತರು, ಕೃಷಿ ಕೂಲಿಯವರು, ನೇಕಾರರು, ಮೀನುಗಾರರು, ಅಸಂಘಟಿತ ವಲಯದ ಕಾರ್ಮಿಕರು ಇದರ ವ್ಯಾಪ್ತಿಗೆ ಬರುತ್ತಾರೆ. ಮಾಸಾಶನ 1,200 ರೂ. ಬಡತನ ರೇಖೆಗಿಂತ ಕೆಳಗಿರುವವರಿಗೆ 60ಕ್ಕೇ ಸಿಗುವ ಇಂದಿರಾ ಗಾಂಧಿ ರಾಷ್ಟ್ರೀಯ ವೃದ್ಧಾಪ್ಯ ವೇತನ ಬೇರೆ ಯೋಜನೆ. ಎರಡನ್ನೂ ಒಬ್ಬರೇ ಪಡೆಯುವಂತಿಲ್ಲ.

ಅರ್ಜಿ ನಾಡಕಚೇರಿಯಲ್ಲಿ ದಾಖಲಾಗಿ ಗ್ರಾಮ ಆಡಳಿತ ಅಧಿಕಾರಿಯ ವರದಿಗೆ, ಅಲ್ಲಿಂದ ಕಂದಾಯ ನಿರೀಕ್ಷಕರಿಗೆ, ಕೊನೆಗೆ ಮಂಜೂರಾತಿಗೆ ಹೋಗುತ್ತದೆ. ಮೇಲಿನವರು ನೋಡುವುದು ಕೆಳಗಿನ ವರದಿಯನ್ನೇ. ಸ್ಥಳಕ್ಕೆ ಹೋಗುವವರು ಬಿಟ್ಟ ತಪ್ಪು ಮುಂದೆ ಸಿಕ್ಕಿಬೀಳುವುದು ಕಡಿಮೆ.

ವಯಸ್ಸು

ಹೆಚ್ಚು ತೊಡಕು ಇಲ್ಲೇ. ಶಾಲೆಗೆ ಹೋಗದ, ಜನನ ನೋಂದಣಿಯಾಗದ ತಲೆಮಾರು ಇದು. ಆಧಾರ್ ಮಾಡಿಸುವಾಗ ಹುಟ್ಟಿದ ದಿನ ಗೊತ್ತಿಲ್ಲದವರು ಅಂದಾಜಿಗೆ ಒಂದು ವಯಸ್ಸು ಹೇಳಿದ್ದಾರೆ. ಕೆಲವರ ಕಾರ್ಡಿನಲ್ಲಿ ಬರೀ ಇಸವಿ ಇರುತ್ತದೆ, ಹಲವರದು ಜನವರಿ 1. ಜನವರಿ 1 ಕಂಡರೆ ಅದು ಅಂದಾಜು ಇರಬಹುದು ಎಂದು ಗುರುತು ಹಾಕಿಕೊಳ್ಳಿ, ಸುಳ್ಳು ಎಂದಲ್ಲ. ಆಧಾರ್ ಜನ್ಮದಿನಾಂಕಕ್ಕೆ ಪುರಾವೆಯಲ್ಲ ಎಂದು ಅದನ್ನು ಕೊಡುವ ಪ್ರಾಧಿಕಾರವೇ (ಯುಐಡಿಎಐ) 2018ರಲ್ಲಿ ಹೇಳಿದೆ.

ಅನುಮಾನ ಬಂದಾಗ ಮನೆಯಲ್ಲೇ ಸಿಗುವ ಗಟ್ಟಿ ದಾಖಲೆ ಎಂದರೆ ಹಿರಿಮಗನದೋ ಹಿರಿಮಗಳದೋ ಎಸ್ಸೆಸ್ಸೆಲ್ಸಿ ಅಂಕಪಟ್ಟಿ. ಅಜ್ಜಿಯ ಆಧಾರ್‌ನಲ್ಲಿ 01-01-1964, ಹಿರಿಮಗನ ಅಂಕಪಟ್ಟಿಯಲ್ಲಿ 1973 ಎಂದಿದ್ದರೆ ಆಕೆ ಒಂಬತ್ತನೇ ವಯಸ್ಸಿಗೆ ತಾಯಿಯಾಗಿರಬೇಕು. ಅಂದರೆ ಆಧಾರ್‌ನಲ್ಲಿ ವಯಸ್ಸು ಕಡಿಮೆ ಬಿದ್ದಿದೆ, ನಿಜಕ್ಕೂ ಅರ್ಹರಿದ್ದಾರೆ. ಇದೇ ಲೆಕ್ಕ ಉಲ್ಟಾ ಕೂಡ ಕೆಲಸ ಮಾಡುತ್ತದೆ. ಆಧಾರ್‌ನಲ್ಲಿ 1955, ಚೊಚ್ಚಲ ಮಗು 1992 ಎಂದಿದ್ದರೆ ಮೊದಲ ಹೆರಿಗೆ 37ಕ್ಕೆ ಎಂದಾಗುತ್ತದೆ, ವಯಸ್ಸು ಹೆಚ್ಚು ಬಿದ್ದಿರಬಹುದು; ಹಳೆಯ ಮತದಾರರ ಪಟ್ಟಿಯನ್ನೂ ತೆಗೆದು ನೋಡಿ. ಒಂದು ಪಟ್ಟಿ ಸಾಲದು. ಐದಾರು ವರ್ಷ ಅಂತರದ ಎರಡು ಪಟ್ಟಿಗಳಲ್ಲಿ ವಯಸ್ಸು ಸರಿಯಾಗಿ ಏರಿದೆಯೇ ಎಂಬುದು ಮುಖ್ಯ. ತಡವಾಗಿ ಮಕ್ಕಳಾದವರೂ ಇರುತ್ತಾರೆ, ಮೊದಲ ಮಗು ತೀರಿಕೊಂಡಿರಲೂಬಹುದು. ಈ ಒಂದೇ ಕಾರಣಕ್ಕೆ ಅರ್ಜಿ ತಿರಸ್ಕರಿಸುವುದು ತಪ್ಪು.

ಈ ಲೆಕ್ಕ ನಮ್ಮ ಅನುಮಾನ ತೀರಿಸುತ್ತದೆಯೇ ಹೊರತು ದಾಖಲೆಯ ಸ್ಥಾನ ಪಡೆಯುವುದಿಲ್ಲ. ತಿದ್ದುಪಡಿ ಆಧಾರ್ ಕೇಂದ್ರದಲ್ಲೇ ಆಗಬೇಕು. ಜನ್ಮದಿನಾಂಕ ಬದಲಾವಣೆಗೆ ಸಾಮಾನ್ಯವಾಗಿ ಒಂದೇ ಅವಕಾಶ. ಸರಿಯಾದ ಆಧಾರವಿಲ್ಲದೆ ಕಳಿಸಿ ಆ ಅವಕಾಶ ಹಾಳಾದರೆ ಮುಂದೆ ದಾರಿ ಕಷ್ಟ. ವೈದ್ಯಾಧಿಕಾರಿಯ ವಯಸ್ಸಿನ ಪ್ರಮಾಣಪತ್ರವೂ ಅಂದಾಜೇ. ಮೂಳೆ ಬೆಳವಣಿಗೆ ನಿಂತು ದಶಕಗಳಾದ ಮೇಲೆ 63 ಯಾವುದು, 66 ಯಾವುದು ಎಂದು ಎಕ್ಸ್‌ರೇ ನೋಡಿ ಹೇಳಲಾಗದು. ಅದನ್ನು ಉಳಿದ ದಾಖಲೆಗಳ ಜತೆಗಿಟ್ಟೇ ಓದಬೇಕು.

ಆದಾಯ

ಬಿಪಿಎಲ್ ಕಾರ್ಡ್ ತೋರಿಸಿದರೆ ಆದಾಯದ ಮಾತು ಮುಗಿಯಿತು ಎಂದು ಬಹಳ ಜನ ತಿಳಿದಿರುತ್ತಾರೆ. ಮುಗಿದಿರುವುದಿಲ್ಲ. ಆ ಕಾರ್ಡಿನ ಆದಾಯ ಮಿತಿ ವರ್ಷಕ್ಕೆ 1,20,000 ರೂ., ಅದೂ ಇಡೀ ಕುಟುಂಬಕ್ಕೆ. ಇಲ್ಲಿ ಬೇಕಿರುವುದು ದಂಪತಿಯ 32,000ದ ಲೆಕ್ಕ.

ಇದರ ಇನ್ನೊಂದು ಮಗ್ಗುಲು ಇನ್ನೂ ಹೆಚ್ಚು ಜನರಿಗೆ ಪೆಟ್ಟು ಕೊಡುತ್ತದೆ. ಮಗನ ಸಂಬಳ ಸೇರಿಸಿ ಕೊಟ್ಟ ಕುಟುಂಬದ ಆದಾಯ ಪ್ರಮಾಣಪತ್ರವನ್ನೇ ಲಗತ್ತಿಸಿ ಅರ್ಜಿ ತಿರಸ್ಕೃತವಾಗುತ್ತದೆ. ಸಂಧ್ಯಾ ಸುರಕ್ಷಾದಲ್ಲಿ ವಯಸ್ಕ ಮಕ್ಕಳ ಆದಾಯವನ್ನು ಲೆಕ್ಕಕ್ಕೆ ಹಿಡಿಯುವಂತಿಲ್ಲ. ಪ್ರಮಾಣಪತ್ರದ ಮೇಲಿರುವ ಆರ್‌ಡಿ ಸಂಖ್ಯೆಯನ್ನು (ಅದರ ಗುರುತಿನ ಸಂಖ್ಯೆ) ಆನ್‌ಲೈನಿನಲ್ಲಿ ತಾಳೆ ನೋಡುವಾಗ ಮೊತ್ತ, ಅವಧಿಯ ಜತೆಗೆ ಯಾರ್‍ಯಾರ ಆದಾಯ ಸೇರಿದೆ ಎಂಬುದನ್ನೂ ಕೇಳಿ ಬರೆದುಕೊಳ್ಳಿ.

32,000 ಎಷ್ಟು ಸಣ್ಣ ಮೊತ್ತ ನೋಡಿ: 2025-26ರ ಉದ್ಯೋಗ ಖಾತ್ರಿ ಕೂಲಿ ದಿನಕ್ಕೆ 370 ರೂ. ಒಬ್ಬರೇ 87 ದಿನ ದುಡಿದರೆ 32,190 ಆಗಿ ಮಿತಿ ದಾಟಿತು. ಈ ಮಿತಿ ಇಂದಿನ ಕೂಲಿಗೆ ಹೊಂದುವುದಿಲ್ಲ ಎಂಬುದು ನಿಜ, ಆದರೆ ವರದಿ ಬರೆಯುವವರ ಕೈಯಲ್ಲಿ ಅದನ್ನು ಬದಲಿಸುವ ಅಧಿಕಾರವಿಲ್ಲ.

ಪಹಣಿಯಲ್ಲಿ ಅರ್ಜಿದಾರರ ಹೆಸರಿಲ್ಲ ಎಂದ ಮಾತ್ರಕ್ಕೆ ಜಮೀನಿಲ್ಲ ಎಂದಲ್ಲ. ಪೌತಿ ಖಾತೆಯಾಗದೆ (ತೀರಿಕೊಂಡವರ ಖಾತೆ ವಾರಸುದಾರರ ಹೆಸರಿಗೆ ಬದಲಾಗದೆ) ಜಮೀನು ಇನ್ನೂ ತೀರಿಹೋದ ಮಾವನ ಹೆಸರಿನಲ್ಲೇ ಇರಬಹುದು. ಹಾಗೆಯೇ ಪಹಣಿಯಲ್ಲಿ ಮಾಲೀಕರ ಹೆಸರು ಬರುವ 9ನೇ ಕಾಲಂನಲ್ಲಿ ಜಂಟಿಯಾಗಿ ಆರು ಹೆಸರಿದ್ದರೆ ಇಡೀ ಸರ್ವೆ ನಂಬರಿನ ವಿಸ್ತೀರ್ಣವನ್ನು ಒಬ್ಬರ ತಲೆಗೆ ಕಟ್ಟಬಾರದು.

ಪಾಸ್‌ಬುಕ್

ಮೊದಲ ಪುಟದ ಜೆರಾಕ್ಸ್ ಸಾಲದು, ಕಳೆದ ಒಂದು ವರ್ಷದ ನಮೂದು ಹಾಕಿಸಿ ತರಲು ಹೇಳಿ. ನಾಲ್ಕು ತಿಂಗಳಿಗೊಮ್ಮೆ 2,000 ಬಂದಿದ್ದರೆ ಪಿಎಂ ಕಿಸಾನ್ ಇರಬಹುದು. 2,000 ರೂ. ಗೃಹಲಕ್ಷ್ಮಿಯದೂ ಆಗಿರಬಹುದು, ಅದು ಪಿಂಚಣಿಯಲ್ಲ. ಪ್ರತಿ ತಿಂಗಳು ಸಾವಿರದ ಆಸುಪಾಸು ಒಂದೇ ಮೊತ್ತ ಬೀಳುತ್ತಿದ್ದರೆ ಭವಿಷ್ಯನಿಧಿಯ ಪಿಂಚಣಿಯೇ ಎಂದು ನೋಡಿ. ಕರಾವಳಿಯಲ್ಲಿ ಬೀಡಿ ಕಟ್ಟಿದ ಹೆಂಗಸರಲ್ಲಿ ಇದು ಸಾಮಾನ್ಯ. ಎಷ್ಟೋ ಮಂದಿಗೆ ಅದು ‘ಪಿಂಚಣಿ’ ಎಂದೇ ಗೊತ್ತಿರುವುದಿಲ್ಲ, ‘ಪಿಎಫ್ ದುಡ್ಡು’ ಎನ್ನುತ್ತಾರೆ. ಹಾಗಾಗಿ “ಅಮ್ಮಾ, ನಿಮಗೆ ಪಿಂಚಣಿ ಬರುತ್ತದೆಯೇ?” ಎಂದು ಕೇಳಿ ‘ಇಲ್ಲ’ ಎಂದು ಬರೆದುಕೊಳ್ಳುವುದರಲ್ಲಿ ಅರ್ಥವಿಲ್ಲ. “ತಿಂಗಳು ತಿಂಗಳು ಬ್ಯಾಂಕಿಗೆ ಏನೇನು ಬೀಳುತ್ತದೆ?” ಎಂದು ಕೇಳಬೇಕು.

ಖಾತೆಗೆ ಆಧಾರ್ ಜೋಡಣೆಯಾಗಿದ್ದರೆ ಸಾಲದು, ಎನ್‌ಪಿಸಿಐ ಮ್ಯಾಪಿಂಗ್ (ಆಧಾರ್ ಸಂಖ್ಯೆಗೆ ಬರುವ ಹಣ ಯಾವ ಬ್ಯಾಂಕಿಗೆ ಹೋಗಬೇಕೆಂಬ ರಾಷ್ಟ್ರೀಯ ಪಾವತಿ ನಿಗಮದ ನಮೂದು) ಯಾವ ಬ್ಯಾಂಕಿಗಿದೆ ಎಂಬುದನ್ನು ನೋಡಬೇಕು. ಆಧಾರ್ ಮೂಲಕ ಬರುವ ನೇರ ನಗದು ಹೋಗುವುದು ಕೊನೆಯದಾಗಿ ಮ್ಯಾಪ್ ಆದ ಖಾತೆಗೆ. ಸಂಘದ ಸಾಲಕ್ಕೆಂದು ಬೇರೆ ಬ್ಯಾಂಕಿನಲ್ಲಿ ಹೊಸ ಖಾತೆ ತೆರೆದಾಗ ಮ್ಯಾಪಿಂಗ್ ಬದಲಾಗಿ, ಹಣ ಅಲ್ಲಿ ಬೀಳುತ್ತಿದ್ದರೂ ಅಜ್ಜಿ ಹಳೆಯ ಪಾಸ್‌ಬುಕ್ ಹಿಡಿದು ‘ದುಡ್ಡು ಬಂದಿಲ್ಲ’ ಎಂದು ಅಲೆಯುತ್ತಿರುತ್ತಾರೆ.

ಹೆಸರು, ಮಹಜರು, ಹಿಂಬರಹ

ಒಂದರಲ್ಲಿ ತಿಮ್ಮಕ್ಕ, ಇನ್ನೊಂದರಲ್ಲಿ ತಿಮ್ಮಮ್ಮ; ಒಂದರಲ್ಲಿ ‘ಕೋಂ’ ಎಂದು ಗಂಡನ ಹೆಸರು, ಮತ್ತೊಂದರಲ್ಲಿ ‘ಬಿನ್’ ಎಂದು ತಂದೆಯ ಹೆಸರು. ಫೋಟೊ, ವಿಳಾಸ, ಕುಟುಂಬದ ಸದಸ್ಯರು ಹೊಂದಿಕೆಯಾದರೆ ಇದು ದೊಡ್ಡ ದೋಷವಲ್ಲ. ಸ್ಥಳ ಮಹಜರಿನಲ್ಲಿ (ಸ್ಥಳಕ್ಕೆ ಹೋಗಿ ನೋಡಿದ್ದನ್ನು ಬರೆಯುವ ವರದಿ) ಇಬ್ಬರೂ ಒಬ್ಬರೇ ಎಂದು ಬರೆದು ನೆರೆಹೊರೆಯವರ ಸಹಿ ಪಡೆಯಿರಿ. ಬ್ಯಾಂಕ್ ಖಾತೆಯ ಹೆಸರು ಮಾತ್ರ ಆಧಾರ್‌ನಂತೆಯೇ ಇರಲಿ.

ಮಹಜರನ್ನು ಚಾವಡಿಯಲ್ಲಿ ಕೂತು ಬರೆಯಬೇಡಿ. ಮನೆಗೆ ಹೋದರೆ ಗಂಡ ಬದುಕಿದ್ದಾರೆಯೇ, ಅವರಿಗೆ ಏನು ಬರುತ್ತಿದೆ, ಅರ್ಜಿದಾರರು ನಿಜಕ್ಕೂ ಇಲ್ಲೇ ವಾಸವೇ ಎಂಬುದು ಹತ್ತು ನಿಮಿಷದಲ್ಲಿ ತಿಳಿಯುತ್ತದೆ.

ಅರ್ಜಿ ತಿರಸ್ಕರಿಸಬೇಕಾದರೆ ಹಿಂಬರಹದಲ್ಲಿ (ಅರ್ಜಿದಾರರಿಗೆ ಕೊಡುವ ಲಿಖಿತ ಉತ್ತರದಲ್ಲಿ) ‘ದಾಖಲೆ ಸರಿಯಿಲ್ಲ’ ಎಂದಷ್ಟೇ ಬರೆದರೆ ಅರ್ಜಿದಾರರು ಅದೇ ಕಾಗದಗಳನ್ನು ಮತ್ತೆ ತರುತ್ತಾರೆ. ‘ಆಧಾರ್ ಪ್ರಕಾರ ವಯಸ್ಸು 62, 65 ತುಂಬಿರುವುದಕ್ಕೆ ಬೇರೆ ದಾಖಲೆ ಹಾಜರುಪಡಿಸಿಲ್ಲ’ ಎಂದು ಬರೆಯಿರಿ. ಅದರ ಪ್ರತಿ ಅರ್ಜಿದಾರರ ಕೈಗೇ ಹೋಗಲಿ, ಅರ್ಜಿ ತುಂಬಿಕೊಟ್ಟ ಮಧ್ಯವರ್ತಿಯ ಕೈಗಲ್ಲ.