ಪದ ಪರಿಚಯ: ಮಗುವಿನ ‘ಮೈಲಿಗಲ್ಲು’ ಅಂದರೇನು, ಯಾವಾಗ ಡಾಕ್ಟರಿಗೆ ತೋರಿಸಬೇಕು?

‘ಮಗುವಿನ ಮೈಲ್‌ಸ್ಟೋನ್ ಎಲ್ಲ ಸರಿಯಾಗಿವೆಯಾ?’ ಲಸಿಕೆ ಹಾಕಿಸಲು ಹೋದಾಗ ಡಾಕ್ಟರು ಕೇಳುವ ಪ್ರಶ್ನೆ ಇದು. ಸೂಜಿ ಚುಚ್ಚಿಸಿಕೊಂಡ ಮಗು ಅಳುತ್ತಿರುತ್ತದೆ, ಹೊರಗೆ ಜನ ಕಾಯುತ್ತಿರುತ್ತಾರೆ. ‘ಹ್ಞೂಂ ಡಾಕ್ಟ್ರೇ, ಎಲ್ಲ ಸರಿ ಇದೆ’ ಅಂದು ಎದ್ದು ಬರುತ್ತೇವೆ. ಯಾವುದು ಸರಿ ಇರಬೇಕಿತ್ತು, ಎಷ್ಟು ತಿಂಗಳಿಗೆ ಇರಬೇಕಿತ್ತು ಅಂತ ಯಾರಾದರೂ ತಿರುಗಿ ಕೇಳಿದರೆ ಹೇಳಬಲ್ಲವರು ಕಡಿಮೆ. ಅದಕ್ಕೇ ಈ ಮಾತನ್ನು ಸ್ವಲ್ಪ ಬಿಡಿಸಿ ನೋಡೋಣ.

ಹೆಚ್ಚುಕಡಿಮೆ ಎಲ್ಲ ಮಕ್ಕಳೂ ಒಂದು ವಯಸ್ಸಿನ ಆಸುಪಾಸಿನಲ್ಲಿ ಕಲಿಯುವ ಕೆಲಸಕ್ಕೆ ಬೆಳವಣಿಗೆಯ ಮೈಲಿಗಲ್ಲು ಅನ್ನುತ್ತಾರೆ. ಕತ್ತು ನಿಲ್ಲುವುದು, ಮಗುಚಿಕೊಳ್ಳುವುದು, ಕೂರುವುದು, ಅಂಬೆಗಾಲಿಡುವುದು, ಹಿಡಿದು ನಿಲ್ಲುವುದು, ನಡೆಯುವುದು. ನಗು, ಮಾತು, ಮನೆಯವರ ಗುರುತು ಹಿಡಿಯುವುದೂ ಮೈಲಿಗಲ್ಲುಗಳೇ. ಆದರೆ ಇಲ್ಲಿ ಮೈ ಕೈ ಕಾಲಿನ ಮಾತಷ್ಟೇ.

ಇವು ಯಾವ ಕ್ರಮದಲ್ಲಿ ಬೇಕಾದರೂ ಬರುವುದಿಲ್ಲ. ಹುಟ್ಟಿದ ಮಗುವಿಗೆ ಮೈಮೇಲೆ ಹಿಡಿತ ಬರುವುದು ತಲೆಯ ಕಡೆಯಿಂದ ಕಾಲಿನ ಕಡೆಗೆ. ಮೊದಲು ಕತ್ತು, ಆಮೇಲೆ ಬೆನ್ನು, ಆಮೇಲೆ ಸೊಂಟ, ಕೊನೆಗೆ ಕಾಲು. ಕೈಯಲ್ಲೂ ಹಾಗೇ: ಮೊದಲು ತೋಳು ಬೀಸುತ್ತದೆ, ಆಮೇಲೆ ಅಂಗೈಯಿಂದ ಬಾಚಿಕೊಳ್ಳುತ್ತದೆ, ಕಡೆಗೆ ಬೆರಳ ತುದಿಯಿಂದ ಹೆಕ್ಕುತ್ತದೆ. ಮೆದುಳಿನಿಂದ ಇಳಿಯುವ ನರಗಳು ಪಕ್ವವಾಗುವ ದಾರಿಯೇ ಹೀಗಿದೆ. ಹಾಗಾಗಿ ಡಾಕ್ಟರು ತಿಂಗಳು ಎಣಿಸುವುದರ ಜೊತೆಗೆ ಒಂದರ ಹಿಂದೆ ಇನ್ನೊಂದು ಬರುತ್ತಿದೆಯಾ ಅಂತಲೂ ನೋಡುತ್ತಾರೆ. ನಿಧಾನವಾಗಿಯಾದರೂ ಮುಂದೆ ಹೋಗುತ್ತಿರುವ ಮಗು ಬೇರೆ, ಒಂದೇ ಕಡೆ ನಿಂತುಬಿಟ್ಟಿರುವ ಮಗು ಬೇರೆ.

ಇನ್ನು ‘ಎಷ್ಟು ತಿಂಗಳಿಗೆ’ ಅನ್ನುವ ಪ್ರಶ್ನೆ. ಎಲ್ಲರನ್ನೂ ಕಾಡುವುದು ಇದೇ. ವಿಶ್ವ ಆರೋಗ್ಯ ಸಂಸ್ಥೆ ಭಾರತ, ಘಾನಾ, ನಾರ್ವೆ, ಒಮಾನ್ ಮತ್ತು ಅಮೆರಿಕದ 816 ಆರೋಗ್ಯವಂತ ಮಕ್ಕಳನ್ನು ಬೆನ್ನು ಹಿಡಿದು ನೋಡಿ 2006ರಲ್ಲಿ ಲೆಕ್ಕ ಕೊಟ್ಟಿತು. ನಮ್ಮ ದೇಶದ ಮಕ್ಕಳು ದಕ್ಷಿಣ ದೆಹಲಿಯವರು. ಯಾರ ಆಸರೆಯೂ ಇಲ್ಲದೆ ಕೂರುವುದನ್ನು ಈ ಮಕ್ಕಳು 3.8ರಿಂದ 9.2 ತಿಂಗಳ ನಡುವೆ ಕಲಿತರು. ಹಿಡಿದು ನಿಂತಿದ್ದು 4.8ರಿಂದ 11.4 ತಿಂಗಳ ಒಳಗೆ. ಯಾರೂ ಹಿಡಿಯದೆ ತಾವೇ ನಡೆದಿದ್ದು 8.2ರಿಂದ 17.6 ತಿಂಗಳ ಒಳಗೆ. ಆ ಕೊನೆಯ ಎರಡು ಅಂಕಿಗಳ ನಡುವಿನ ಅಂತರ ನೋಡಿ. ಒಂಬತ್ತು ತಿಂಗಳಿಗಿಂತ ಜಾಸ್ತಿ! ಒಂಬತ್ತನೇ ತಿಂಗಳಿಗೆ ನಡೆದ ಮಗುವೂ ಚೆನ್ನಾಗಿದೆ, ಹದಿನೇಳನೇ ತಿಂಗಳಿಗೆ ನಡೆದ ಮಗುವೂ ಚೆನ್ನಾಗಿದೆ. ಬೇಗ ನಡೆದದ್ದು ಜಾಣ ಮಗು, ತಡವಾಗಿ ನಡೆದದ್ದು ಮಂಕು ಅನ್ನುವ ಮಾತಿಗೆ ಬುಡವೇ ಇಲ್ಲ.

ಅಂದರೆ ಮೈಲಿಗಲ್ಲಿಗೆ ಇಂಥದೇ ದಿನ ಅಂತ ಇಲ್ಲ, ಒಂದು ಅವಧಿ ಇದೆ. ಪಕ್ಕದ ಮನೆಯ ಮಗು ಮೂರು ತಿಂಗಳಿಗೇ ಮಗುಚಿಕೊಂಡಿತು ಅಂತ ನಿಮ್ಮ ಮಗುವಿನ ಬಗ್ಗೆ ಕೊರಗಬೇಕಿಲ್ಲ. ಆದರೆ ಆ ಅವಧಿಗೆ ಒಂದು ಕೊನೆಯೂ ಇದೆ. ಅದು ದಾಟಿದ ಮೇಲೂ ‘ಬಿಡಿ, ಅವರಪ್ಪನೂ ಲೇಟಾಗೇ ನಡೆದಿದ್ದು’ ಅಂತ ಸುಮ್ನೆ ಕೂರುವುದು ತಪ್ಪು. ಕೆಲವು ಮನೆತನಗಳಲ್ಲಿ ಮಕ್ಕಳು ತಡವಾಗಿ ನಡೆಯುವುದುಂಟು, ನಿಜ. ಆದರೆ ಹಾಗಂತ ಹೇಳಬೇಕಾದವರು ಮಗುವನ್ನು ಮುಟ್ಟಿ ಪರೀಕ್ಷೆ ಮಾಡಿದ ಡಾಕ್ಟರು.

ಅಂಬೆಗಾಲಿನ ವಿಷಯ ಮಾತ್ರ ಸ್ವಲ್ಪ ಬೇರೆ. ಅದೇ ಅಧ್ಯಯನದಲ್ಲಿ ನೂರಕ್ಕೆ ನಾಲ್ಕು ಮಕ್ಕಳು ಕೈ ಮಂಡಿ ಊರಿ ಅಂಬೆಗಾಲಿಡಲೇ ಇಲ್ಲ. ಕೆಲವು ಕುಂಡೆಯ ಮೇಲೆ ಜರುಗುತ್ತವೆ, ಕೆಲವು ಹೊಟ್ಟೆಯ ಮೇಲೆ ತೆವಳುತ್ತವೆ, ಕೆಲವು ನೇರ ಎದ್ದು ನಿಲ್ಲುತ್ತವೆ. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 2022ರಲ್ಲಿ ತನ್ನ ಮೈಲಿಗಲ್ಲುಗಳ ಪಟ್ಟಿಯಿಂದ ಅಂಬೆಗಾಲನ್ನೇ ತೆಗೆದುಹಾಕಿತು. ಬೇರೆಲ್ಲ ಸರಿಯಾಗಿದ್ದು ಅಂಬೆಗಾಲು ಮಾತ್ರ ಬರಲಿಲ್ಲ ಅಂದರೆ ಹೆದರಬೇಡಿ. ಒಂದು ಕೈ, ಒಂದು ಕಾಲನ್ನು ಎಳೆದುಕೊಂಡು ತೆವಳುತ್ತಿದ್ದರೆ ಮಾತ್ರ ತೋರಿಸಿ.

ಈಗ ಒಂದೊಂದಾಗಿ ನೋಡೋಣ. ಮೊದಲನೆಯದು ಕತ್ತು. ಡಾಕ್ಟರು ಮಾಡುವ ಒಂದು ಸಣ್ಣ ಪರೀಕ್ಷೆ ಇದೆ. ಅಂಗಾತ ಮಲಗಿದ ಮಗುವಿನ ಎರಡೂ ಕೈ ಹಿಡಿದು ಮೆಲ್ಲಗೆ ಕೂರುವ ಹಾಗೆ ಎತ್ತುತ್ತಾರೆ. ಹೊಸ ಕೂಸಿನ ತಲೆ ಹಿಂದಕ್ಕೆ ಜೋತು ಬೀಳುತ್ತದೆ. ಎರಡು ಮೂರು ತಿಂಗಳ ಮಗುವಿನದು ಸ್ವಲ್ಪ ಹಿಂದೆ ಉಳಿದು, ಆಮೇಲೆ ಮೈ ಜೊತೆ ಬರುತ್ತದೆ. ಐದು ತಿಂಗಳ ಹೊತ್ತಿಗೆ ಮಗು ತಾನೇ ಗದ್ದ ಎದೆಗೆ ಒತ್ತಿ, ತೋಳು ಬಿಗಿ ಮಾಡಿ ಮೇಲೇಳಲು ಜೊತೆ ಕೊಡುತ್ತದೆ. ಇದನ್ನು ಮನೆಯಲ್ಲಿ ನೀವು ಮಾಡಲು ಹೋಗಬೇಡಿ, ಅವರು ಮಾಡುವಾಗ ಗಮನಿಸಿ. ಮನೆಯಲ್ಲಿ ನೋಡಬೇಕಾದದ್ದು ಇಷ್ಟೇ: ನಾಲ್ಕು ತಿಂಗಳು ತುಂಬಿದ ಮಗುವನ್ನು ಹೆಗಲಿಗೆ ಒರಗಿಸಿ ಎತ್ತಿಕೊಂಡರೆ ತಲೆ ನೆಟ್ಟಗೆ ನಿಲ್ಲಬೇಕು. ನಿಲ್ಲದಿದ್ದರೆ ತೋರಿಸಿ.

ಆರು ತಿಂಗಳ ಹೊತ್ತಿಗೆ ಹೆಚ್ಚಿನ ಮಕ್ಕಳು ಮಗುಚಿಕೊಳ್ಳುತ್ತವೆ, ಕೈ ಮುಂದೆ ಊರಿ ಕೂರುತ್ತವೆ. ಒಂಬತ್ತು ತಿಂಗಳು ತುಂಬಿದರೂ ಆಸರೆ ಇಲ್ಲದೆ ಕೂರುವುದಿಲ್ಲ, ವರ್ಷ ತುಂಬುತ್ತಿದ್ದರೂ ಏನನ್ನಾದರೂ ಹಿಡಿದು ಕಾಲ ಮೇಲೆ ಭಾರ ಬಿಡುವುದಿಲ್ಲ, ಹದಿನೆಂಟು ತಿಂಗಳಾದರೂ ತಾನಾಗಿ ನಡೆಯುವುದಿಲ್ಲ ಅಂದರೆ ಡಾಕ್ಟರಿಗೆ ತೋರಿಸಲೇಬೇಕು. ಹದಿನೆಂಟು ತಿಂಗಳಿಗೂ ನಡೆಯದ ಗಂಡುಮಗುವಾದರೆ ಸಿ.ಕೆ. ಅನ್ನುವ ರಕ್ತಪರೀಕ್ಷೆ ಮಾಡಿಸಬೇಕಾ ಅಂತ ನೀವೇ ಕೇಳಿ. ಡುಶೇನ್ ಅನ್ನುವ ಸ್ನಾಯು ಸವೆಯುವ ಕಾಯಿಲೆ ಹೆಚ್ಚಾಗಿ ಗಂಡುಮಕ್ಕಳಿಗೇ ಬರುತ್ತದೆ, ಅದರ ಸುಳಿವು ಈ ಪರೀಕ್ಷೆಯಲ್ಲಿ ಸಿಗುತ್ತದೆ.

ಬೆರಳುಗಳನ್ನು ನಾವು ಅಷ್ಟಾಗಿ ಗಮನಿಸುವುದಿಲ್ಲ. ಮೂರು ತಿಂಗಳಾದ ಮೇಲೆ ಮುಷ್ಟಿ ಬಿಚ್ಚಿಕೊಳ್ಳಬೇಕು. ಹೆಬ್ಬೆರಳು ಒಳಗೆ ಸಿಕ್ಕಿಸಿಕೊಂಡು ಸದಾ ಬಿಗಿ ಮುಷ್ಟಿ ಹಿಡಿದೇ ಇದ್ದರೆ ಅದೊಂದು ಸೂಚನೆ. ಒಂಬತ್ತು ಹತ್ತು ತಿಂಗಳ ಮಗುವಿನ ಮುಂದೆ ಒಂದು ಮಂಡಕ್ಕಿ ಕಾಳು ಇಟ್ಟು, ಪಕ್ಕದಲ್ಲೇ ಕೂತು ನೋಡಿ. ಮೊದಮೊದಲು ಇಡೀ ಅಂಗೈಯಿಂದ ಬಳಿಯುತ್ತದೆ. ಕಾಳು ಅಂಗೈಗೆ ಅಂಟಿಕೊಂಡು ಬಾಯಿಗೆ ಹೋಗುವುದೇ ಇಲ್ಲ. ದಿನ ಕಳೆದಂತೆ ಹೆಬ್ಬೆರಳು ತೋರುಬೆರಳು ಎದುರುಬದುರಾಗಿ, ಹಕ್ಕಿಯ ಕೊಕ್ಕಿನ ಹಾಗೆ ಕಾಳು ಹೆಕ್ಕುತ್ತವೆ. ವರ್ಷದ ಹೊತ್ತಿಗೆ ಇದು ಬರಬೇಕು. (ಕಡಲೆಕಾಯಿ ಬೀಜ, ಹುರಿಗಡಲೆ ಇಡಬೇಡಿ, ಗಂಟಲಲ್ಲಿ ಸಿಕ್ಕಿಕೊಳ್ಳುತ್ತವೆ.)

ಇನ್ನೊಂದು ವಿಷಯವನ್ನು ಮನೆಯವರು ಮೆಚ್ಚುಗೆಯಿಂದ ಹೇಳುತ್ತಾರೆ: ‘ನಮ್ಮ ಪಾಪು ಎಡಚ, ಎಲ್ಲಕ್ಕೂ ಎಡಗೈನೇ ಮುಂದು.’ ಆರು ಏಳು ತಿಂಗಳ ಮಗುವಿನ ಬಗ್ಗೆ ಈ ಮಾತು ಬಂದರೆ ಅದನ್ನು ಹಗುರವಾಗಿ ತೆಗೆದುಕೊಳ್ಳಬಾರದು. ವರ್ಷದೊಳಗಿನ ಮಗು ಎರಡೂ ಕೈಯನ್ನು ಸಮನಾಗಿ ಬಳಸಬೇಕು. ಯಾವಾಗಲೂ ಒಂದೇ ಕೈ ಮುಂದೆ ಬರುತ್ತಿದೆ ಅಂದರೆ ಇನ್ನೊಂದು ಕೈಯಲ್ಲಿ ಬಲ ಕಡಿಮೆ ಇರಬಹುದು. ಎಳೆಯ ಮೆದುಳಿಗೆ ಪೆಟ್ಟಾಗಿ ಕೈಕಾಲಿನ ಚಲನೆಗೆ ತೊಂದರೆಯಾಗುವುದಕ್ಕೆ ಸೆರೆಬ್ರಲ್ ಪಾಲ್ಸಿ ಅನ್ನುತ್ತಾರೆ. ಮೈಯ ಒಂದು ಬದಿಗೆ ಬರುವ ಸೆರೆಬ್ರಲ್ ಪಾಲ್ಸಿಯ ಮೊದಲ ಗುರುತು ಎಷ್ಟೋ ಸಲ ಇದೇ ಆಗಿರುತ್ತದೆ.

ಇಂಥವು ಕಣ್ಣಿಗೆ ಬೀಳಲು ನಮ್ಮ ಮನೆಗಳಲ್ಲಿ ಒಳ್ಳೆಯ ಹೊತ್ತೊಂದಿದೆ, ಮಗುವಿಗೆ ಎಣ್ಣೆ ಹಚ್ಚಿ ನೀರು ಹಾಕುವ ಹೊತ್ತು. ಕಾಲು ನೀಡಿ ಕೂತು, ಮಗುವನ್ನು ಮೊಣಕಾಲಿನ ಮೇಲೆ ಮಲಗಿಸಿಕೊಂಡು ಎರೆಯುವ ಅಜ್ಜಿಗೆ ಮಗುವಿನ ಮೈ ಹೇಗಿದೆ ಅಂತ ಕೈಯಲ್ಲೇ ಗೊತ್ತಾಗುತ್ತದೆ. ‘ಈ ಕಾಲು ಯಾಕೋ ಬಿಗಿ’, ‘ತೊಡೆ ಅಗಲಿಸೋಕೆ ಬಿಡೋದೇ ಇಲ್ಲ’, ‘ಮೈಯೆಲ್ಲ ಮೆತ್ತಗೆ, ಕೈಯಿಂದ ಜಾರಿ ಹೋಗುತ್ತೆ’ ಅಂತ ಅವರು ಅಂದರೆ ಆ ಮಾತನ್ನು ಡಾಕ್ಟರಿಗೆ ಹಾಗೇ ಮುಟ್ಟಿಸಿ. ಅತಿ ಬಿಗಿ, ಅತಿ ಸಡಿಲ, ಎತ್ತಿದಾಗ ಕಾಲು ಕತ್ತರಿಯ ಹಾಗೆ ಒಂದರ ಮೇಲೊಂದು ಹೋಗುವುದು, ಎಲ್ಲಕ್ಕೂ ಹೆಸರಿದೆ, ಕಾರಣವಿದೆ, ಮಾಡಬಹುದಾದ ಕೆಲಸವೂ ಇದೆ. ಹುಟ್ಟಿದಾಗ ತಡವಾಗಿ ಅತ್ತ ಮಗು, ಫಿಟ್ಸ್ ಬಂದಿದ್ದ ಮಗು, ಕಾಮಾಲೆ ತುಂಬ ಏರಿದ್ದ ಮಗು, ಎನ್‌ಐಸಿಯುನಲ್ಲಿ (ಹಸುಗೂಸುಗಳ ತೀವ್ರ ನಿಗಾ ಘಟಕ) ಇದ್ದು ಬಂದ ಮಗು, ಇವರ ವಿಷಯದಲ್ಲಿ ಮೈಲಿಗಲ್ಲು ತಪ್ಪುವವರೆಗೂ ಕಾಯಬಾರದು. ಮೊದಲಿನಿಂದಲೇ ಹೇಳಿದ ದಿನಕ್ಕೆ ತೋರಿಸುತ್ತಾ ಇರಬೇಕು. ಇಂಥ ಮಕ್ಕಳಲ್ಲಿ ಸೆರೆಬ್ರಲ್ ಪಾಲ್ಸಿಯನ್ನು ಪಳಗಿದವರು ಐದಾರು ತಿಂಗಳ ಒಳಗೇ ಗುರುತಿಸಬಲ್ಲರು.

ದಿನ ತುಂಬುವ ಮೊದಲೇ ಹುಟ್ಟಿದ ಮಗುವಿನ ಲೆಕ್ಕವೇ ಬೇರೆ. ಎಂಟು ವಾರ ಮುಂಚೆ ಹುಟ್ಟಿದ್ದರೆ ವಯಸ್ಸಿನಿಂದ ಎರಡು ತಿಂಗಳು ಕಳೆಯಬೇಕು. ಕ್ಯಾಲೆಂಡರಿನಲ್ಲಿ ಎಂಟು ತಿಂಗಳಾದ ಆ ಮಗುವಿನಿಂದ ಆರು ತಿಂಗಳ ಮಗುವಿನ ಕೆಲಸವನ್ನಷ್ಟೇ ಬಯಸಬೇಕು. ಎರಡು ವರ್ಷದವರೆಗೂ ಹೀಗೇ ಲೆಕ್ಕ. ಲಸಿಕೆಗೆ ಮಾತ್ರ ಈ ಕಳೆಯುವ ಲೆಕ್ಕ ಇಲ್ಲ. ಅದನ್ನು ಹುಟ್ಟಿದ ದಿನದಿಂದಲೇ ಎಣಿಸಿ ಹಾಕಿಸಬೇಕು.

ತಡವಾಗುವುದಕ್ಕಿಂತ ಹೆಚ್ಚು ಗಂಭೀರವಾದದ್ದು ಬಂದದ್ದು ಹೋಗುವುದು. ಕೂರುತ್ತಿದ್ದ ಮಗು ಕೂರುವುದು ಬಿಟ್ಟರೆ, ನಗುತ್ತಿದ್ದ ಮಗು ಮಂಕಾದರೆ, ವಯಸ್ಸು ಎಷ್ಟೇ ಇರಲಿ, ಮುಂದಿನ ಲಸಿಕೆಯ ದಿನಕ್ಕೆ ಕಾಯಬೇಡಿ. ಇದರಲ್ಲಿ ಎರಡು ಕಾರಣಗಳನ್ನು ಎಲ್ಲರೂ ತಿಳಿದಿರಬೇಕು ಅಂತ ನನಗೆ ಬಲವಾಗಿ ಅನ್ನಿಸುತ್ತದೆ.

ಒಂದು, ಬಿ12 ಕೊರತೆ. ತಾಯಿಯ ಮೈಯಲ್ಲೇ ಬಿ12 ಕಡಿಮೆ ಇದ್ದರೆ ಎದೆಹಾಲಿನಲ್ಲೂ ಕಡಿಮೆ. ಮಾಂಸ ಮೊಟ್ಟೆ ತಿನ್ನದ, ಹಾಲು ಮೊಸರೂ ಕಡಿಮೆ ಇರುವ ಮನೆಗಳಲ್ಲಿ ಇದು ಅಪರೂಪವೇನಲ್ಲ. ಆರು ತಿಂಗಳು ದಾಟಿದರೂ ಎದೆಹಾಲೊಂದರಲ್ಲೇ ಇರುವ ಮಗುವಿಗೆ ಅಪಾಯ ಇನ್ನೂ ಹೆಚ್ಚು. ಮಗು ಗುಂಡುಗುಂಡಾಗಿಯೇ ಕಾಣಬಹುದು. ಆದರೆ ಮುಖ ಬಿಳಿಚಿಕೊಂಡಿರುತ್ತದೆ, ಬೆರಳಿನ ಗಿಣ್ಣುಗಳು ಕಪ್ಪಾಗುತ್ತವೆ, ಕೂದಲು ತೆಳ್ಳಗಾಗಿ ಕೆಂಚಾಗುತ್ತದೆ. ನಗು ನಿಲ್ಲುತ್ತದೆ, ಕಲಿತದ್ದು ಮರೆಯುತ್ತದೆ, ಕೆಲವಕ್ಕೆ ಕೈ ನಡುಕ ಬರುತ್ತದೆ. ಬೇಗ ಗುರುತಿಸಿ ಬಿ12 ಕೊಟ್ಟರೆ ಮಗು ಚೇತರಿಸಿಕೊಳ್ಳುತ್ತದೆ. ತಡವಾದಷ್ಟೂ ಮೆದುಳಿಗೆ ನಷ್ಟ. ಬಸುರಿನಲ್ಲಿ, ಹಾಲೂಡಿಸುವಾಗ ತಾಯಿಯ ಊಟ ಮಾತ್ರೆಗಳ ಕಡೆ ಗಮನ ಕೊಡಿ ಅನ್ನುವುದು ಇದಕ್ಕೂ ಸೇರಿಯೇ.

ಎರಡನೆಯದು ಒಂದು ಬಗೆಯ ಫಿಟ್ಸ್. ಹೆಚ್ಚಾಗಿ ವರ್ಷದೊಳಗೇ ಶುರುವಾಗುತ್ತದೆ. ನಿದ್ದೆಯಿಂದ ಎದ್ದ ಕೂಡಲೇ ಮಗು ಥಟ್ಟನೆ ತಲೆ ಬಾಗಿಸಿ, ಕೈ ಚಾಚಿ, ಮೈ ಕುಗ್ಗಿಸುತ್ತದೆ. ಒಂದೆರಡು ಕ್ಷಣ ಅಷ್ಟೇ. ಮತ್ತೆ ಸ್ವಲ್ಪ ಹೊತ್ತಿಗೆ ಅದೇ, ಮತ್ತೆ ಅದೇ, ಸಾಲಾಗಿ. ನೋಡಿದವರು ‘ಬೆಚ್ಚಿ ಬೀಳುತ್ತಿದೆ’, ‘ಹೊಟ್ಟೆನೋವು’, ‘ದೃಷ್ಟಿ ತಾಗಿದೆ’ ಅಂದುಕೊಳ್ಳುತ್ತಾರೆ. ದೃಷ್ಟಿ ತೆಗೆಯುವುದಾದರೆ ತೆಗೆಯಿರಿ, ಬೇಡ ಅನ್ನುವುದಿಲ್ಲ. ಆದರೆ ಅವತ್ತೇ ಮೊಬೈಲಿನಲ್ಲಿ ಅದರ ವಿಡಿಯೋ ಮಾಡಿಕೊಂಡು ಡಾಕ್ಟರ ಹತ್ತಿರ ಹೋಗಿ. ಇನ್‌ಫಂಟೈಲ್ ಸ್ಪಾಸಮ್ ಅನ್ನುವ ಈ ಕಾಯಿಲೆಯಲ್ಲಿ ಚಿಕಿತ್ಸೆ ಎಷ್ಟು ಬೇಗ ಶುರುವಾಗುತ್ತದೆ ಅನ್ನುವುದರ ಮೇಲೆ ಮಗುವಿನ ಮುಂದಿನ ಬುದ್ಧಿ ಬೆಳವಣಿಗೆ ನಿಂತಿದೆ.

ಮೈಲಿಗಲ್ಲು ಬೇಗ ಬರಲಿ ಅಂತ ಅಂಗಡಿಯಿಂದ ವಾಕರ್ ತರುವವರಿಗೆ ಒಂದು ಮಾತು: ತರಬೇಡಿ. ಚಕ್ರದ ಮೇಲಿನ ಸೀಟಿನಲ್ಲಿ ಕೂತು ಬೆರಳ ತುದಿಯಿಂದ ನೆಲ ತಳ್ಳುವ ಮಗು ನಡೆಯುವುದನ್ನು ಕಲಿಯುವುದಿಲ್ಲ, ತಡವೇ ಆಗಬಹುದು. ಮೆಟ್ಟಿಲಿಂದ ಉರುಳಿ ಬೀಳುವುದು, ಒಲೆಯ ಹತ್ತಿರ ಹೋಗುವುದು ಬೇರೆ. ಕೆನಡಾ 2004ರಲ್ಲೇ ಇದರ ಮಾರಾಟವನ್ನು ನಿಷೇಧಿಸಿದೆ. ನಿಲ್ಲಲು ಬಂದ ಮಗು ಹಿಂದೆ ನಿಂತು ತಳ್ಳುವ ನಮ್ಮ ಹಳೆಯ ಮೂರು ಚಕ್ರದ ಮರದ ಗಾಡಿ ಇದಕ್ಕಿಂತ ಎಷ್ಟೋ ಮೇಲು, ಯಾರಾದರೂ ಜೊತೆಗಿದ್ದರೆ. ಅದಕ್ಕೂ ಮೊದಲು ಬೇಕಾದದ್ದು ನೆಲ. ಎಚ್ಚರವಿದ್ದಾಗ ಕಣ್ಣೆದುರೇ ಚಾಪೆಯ ಮೇಲೆ ಬೋರಲು ಹಾಕಿ ಆಡಲು ಬಿಡಿ, ಕತ್ತು ಬೆನ್ನು ಗಟ್ಟಿಯಾಗುತ್ತವೆ. ಮಲಗಿಸುವಾಗ ಮಾತ್ರ ಯಾವಾಗಲೂ ಅಂಗಾತ. ದಿನವೆಲ್ಲ ಜೋಲಿಯಲ್ಲೋ ಕಂಕುಳಲ್ಲೋ ಇರುವ ಮಗುವಿಗೆ ಮೈ ಬಳಸಲು ಅವಕಾಶವೇ ಸಿಗುವುದಿಲ್ಲ.

ಅನುಮಾನ ಬಂದರೆ ಎಲ್ಲಿಗೆ ಹೋಗುವುದು? ತಾಯಿ ಕಾರ್ಡಿನಲ್ಲೇ ಯಾವ ತಿಂಗಳಿಗೆ ಮಗು ಏನು ಮಾಡಬೇಕು ಅನ್ನುವ ಚಿತ್ರಗಳಿವೆ. ಲಸಿಕೆಯ ಪುಟ ಬಿಟ್ಟು ಬೇರೆ ಪುಟ ತೆರೆದವರು ಕಡಿಮೆ, ಒಮ್ಮೆ ತೆರೆದು ನೋಡಿ. ಆಶಾ ಕಾರ್ಯಕರ್ತೆ 3, 6, 9, 12, 15ನೇ ತಿಂಗಳಿಗೆ ಮನೆಗೆ ಬಂದು ಮಗುವನ್ನು ನೋಡುವ ವ್ಯವಸ್ಥೆ ಇದೆ, ಅವರಿಗೆ ಹೇಳಿ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿಗೆ ಬಂದು ಮಕ್ಕಳನ್ನು ತಪಾಸಣೆ ಮಾಡುತ್ತವೆ. ತೊಂದರೆ ಕಂಡರೆ ಜಿಲ್ಲಾ ಮಟ್ಟದ ಡಿಇಐಸಿ ಅನ್ನುವ ಕೇಂದ್ರಕ್ಕೆ ಕಳಿಸುತ್ತವೆ, ಅಲ್ಲಿ ಮಕ್ಕಳ ಡಾಕ್ಟರು, ಫಿಸಿಯೋಥೆರಪಿ, ಕಿವಿ ಕಣ್ಣಿನ ಪರೀಕ್ಷೆ ಒಂದೇ ಕಡೆ ಸಿಗಬೇಕು ಅನ್ನುವುದು ಉದ್ದೇಶ.

ಹೋಗುವಾಗ ಹುಟ್ಟಿದ ಆಸ್ಪತ್ರೆಯ ಡಿಸ್ಚಾರ್ಜ್ ಚೀಟಿ, ತಾಯಿ ಕಾರ್ಡ್ ಇಟ್ಟುಕೊಳ್ಳಿ. ಮಗು ಮನೆಯಲ್ಲಿ ಆಡುವ ಎರಡು ಮೂರು ವಿಡಿಯೋ ಇರಲಿ. ಆಸ್ಪತ್ರೆಯಲ್ಲಿ ಹೊಸ ಮುಖ ಕಂಡು ಅಳುವ ಮಗು ಕೂರುವುದನ್ನೂ ತೋರಿಸುವುದಿಲ್ಲ, ನಿಲ್ಲುವುದನ್ನೂ ತೋರಿಸುವುದಿಲ್ಲ. ‘ಸ್ವಲ್ಪ ದಿನ ನೋಡೋಣ’ ಅಂದರೆ, ಎಷ್ಟು ದಿನ, ಯಾವ ತಾರೀಖಿಗೆ ಮತ್ತೆ ಬರಬೇಕು, ಅಷ್ಟರಲ್ಲಿ ಏನು ಬರಬೇಕು ಅಂತ ಕೇಳಿ ಚೀಟಿಯ ಮೇಲೆ ಬರೆಸಿಕೊಳ್ಳಿ.