ಕಾರ್ಮೆನ್ ಮಿರಾಂಡಾ ತಲೆಗೆ ಹಣ್ಣು ಏರಿಸಿದ್ದು ಯಾರು?

ಪ್ರಶ್ನೆ: ಹಳೆಯ ಟಾಮ್ ಅಂಡ್ ಜೆರ್ರಿ, ಬಗ್ಸ್ ಬನ್ನಿ ಕಾರ್ಟೂನುಗಳಲ್ಲಿ ತಲೆ ಮೇಲೆ ಹಣ್ಣು ಪೇರಿಸಿಕೊಂಡು ಕುಣಿಯುವ ಒಂದು ವೇಷ ಬರುತ್ತಲ್ಲ, ಅದು ಯಾರೋ ನಿಜವಾದ ಗಾಯಕಿಯ ಅಣಕವಂತೆ, ಹೌದೇ? ಆ ಟೋಪಿ ಹಾಕಿಸಿ ಆಕೆಯನ್ನು ಸ್ಟಾರ್ ಮಾಡಿದ್ದು ಹಾಲಿವುಡ್ ಅಂತ ಎಲ್ಲೋ ಓದಿದೆ.

ಉತ್ತರ: ಮೊದಲರ್ಧಕ್ಕೆ ಹೌದು. ಆಕೆ ಕಾರ್ಮೆನ್ ಮಿರಾಂಡಾ, ಬ್ರೆಜಿಲ್‌ನ ಸಾಂಬಾ ಗಾಯಕಿ. ಸಾಂಬಾ ಎಂದರೆ ಅಲ್ಲಿನ ಜನಪ್ರಿಯ ಕುಣಿತದ ಹಾಡು. 1943ರ ಟಾಮ್ ಅಂಡ್ ಜೆರ್ರಿಯಲ್ಲಿ ಬೆಕ್ಕುಗಳ ಪಟಾಲಂ ಹಾಡುವ ‘ಮಮಾಯ್ ಎವು ಕೇರು’ ಅಮೆರಿಕದವರ ಕಿವಿಗೆ ಬಿದ್ದದ್ದೇ ಆಕೆಯ ಬಾಯಿಂದ. ಎರಡನೇ ಅರ್ಧಕ್ಕೆ ಮಾತ್ರ ಇಲ್ಲ, ಇಲ್ಲ, ಇಲ್ಲ. ಇದನ್ನು ಎಷ್ಟು ಸಲ ಬರೆದರೂ ‘ಹಾಲಿವುಡ್ ಕೂಸು’ ಅನ್ನುವ ಮಾತು ಮತ್ತೆ ಎದ್ದು ಬರುತ್ತದೆ. ಈ ಸಲ ಉದ್ದಕ್ಕೇ ಬರೆಯುತ್ತೇನೆ. ಮುಂದೆ ಯಾರಾದರೂ ಕೇಳಿದರೆ ಇದನ್ನೇ ಕಳಿಸಿದರಾಯಿತು.

1939ರ ಮೇ ತಿಂಗಳಲ್ಲಿ ಬ್ರೆಜಿಲ್‌ನ ರಿಯೊ ನಗರದಿಂದ ನ್ಯೂಯಾರ್ಕಿನ ಹಡಗು ಹತ್ತಿದಾಗ ಕಾರ್ಮೆನ್‌ಗೆ ಮೂವತ್ತು ವರ್ಷ. ಅಷ್ಟರಲ್ಲಿ ಬ್ರೆಜಿಲ್‌ನಲ್ಲಿ ಆಕೆಯ ಹೆಸರು ಕೇಳದ ಮನೆ ಇರಲಿಲ್ಲ. 1930ರ ಕಾರ್ನಿವಾಲ್ ಹೊತ್ತಿಗೆ ಬಂದ ‘ತಾಈ’ ಎಂಬ ಹಾಡಿನ ಗ್ರಾಮೊಫೋನ್ ಪ್ಲೇಟುಗಳು 35,000 ಖರ್ಚಾದವು. ಆ ದೇಶದಲ್ಲಿ ಆ ಕಾಲಕ್ಕೆ ಅದು ದಾಖಲೆ. ಅಲ್ಲಿಂದ ಮುಂದಿನ ಒಂಬತ್ತು ವರ್ಷ ರೆಕಾರ್ಡಿಂಗ್, ರೇಡಿಯೊ, ರಿಯೊದ ಉರ್ಕಾ ಕ್ಯಾಸಿನೊ ವೇದಿಕೆ, ಸಿನಿಮಾ. ಇನ್ನೂರಕ್ಕೂ ಹೆಚ್ಚು ಹಾಡು. ನ್ಯೂಯಾರ್ಕಿನ ನಾಟಕರಂಗವಾದ ಬ್ರಾಡ್‌ವೇಯ ಕಂಪನಿ ಯಜಮಾನ ಲೀ ಶುಬರ್ಟ್ ಆಕೆಯನ್ನು ‘ಕಂಡುಹಿಡಿದ’ ಎನ್ನುತ್ತಾರೆ. ಊರಿಗೆಲ್ಲ ಕಾಣುತ್ತಿದ್ದವಳನ್ನು ಆತ ಕಂಡುಹಿಡಿಯುವುದೇನು ಬಂತು? ದುಡ್ಡು ಕೊಟ್ಟು ಕರೆದೊಯ್ದ, ಅಷ್ಟೆ.

ಆ ಹಾಡುಗಾರಿಕೆ ಎಂಥದು ಎನ್ನುವುದಕ್ಕೆ ಅಸಿಸ್ ವಾಲೆಂಚಿ ಬರೆದ 1938ರ ಒಂದು ಸಾಂಬಾ ಕೇಳಿ. ಲೋಕ ಮುಳುಗಿಹೋಗುತ್ತದೆ ಅನ್ನುವ ಸುದ್ದಿ ನಂಬಿದ ಹೆಂಗಸೊಬ್ಬಳು ಮುತ್ತಿಡಬಾರದವನಿಗೆ ಮುತ್ತಿಟ್ಟು, ಗುರುತಿಲ್ಲದವನ ಕೈ ಹಿಡಿದು, ಈಜುಡುಗೆಯಲ್ಲೇ ಕುಣಿದುಬಿಡುತ್ತಾಳೆ. ನೋಡಿದರೆ ಲೋಕ ಎಲ್ಲಿದ್ದದ್ದು ಅಲ್ಲೇ ಇದೆ. ಈಗ ಊರಿಗೆ ಮುಖ ತೋರಿಸುವುದು ಹೇಗೆ? ಕಾರ್ಮೆನ್ ಇದನ್ನು ಹಾಡಿದಳು ಅನ್ನುವುದಕ್ಕಿಂತ ಪಕ್ಕದ ಮನೆಯವಳ ಕಿವಿಯಲ್ಲಿ ಹೇಳಿದಳು ಅನ್ನಬೇಕು. ತಾಳ ಓಡುತ್ತಿರುತ್ತದೆ, ನಾಲಿಗೆ ಅದಕ್ಕಿಂತ ಜೋರಾಗಿ ಓಡುತ್ತಿರುತ್ತದೆ, ಆದರೂ ಒಂದಕ್ಷರ ತೊದಲುವುದಿಲ್ಲ. ಧ್ವನಿ ದೊಡ್ಡದಲ್ಲ. ಆದರೆ ಮಾತನ್ನು ಎಲ್ಲಿ ತಡೆದು ಎಲ್ಲಿ ಬಿಡಬೇಕು ಅನ್ನುವುದು ಆಕೆಗೆ ಗೊತ್ತಿದ್ದ ಹಾಗೆ ಅವಳ ಕಾಲದಲ್ಲಿ ಇನ್ನೊಬ್ಬರಿಗೆ ಗೊತ್ತಿರಲಿಲ್ಲ ಅಂತ ನನ್ನ ಅಭಿಪ್ರಾಯ. ಹಣ್ಣು ನೋಡಿ ನಗುವವರು ಇದನ್ನು ಕೇಳಿಯೇ ಇರುವುದಿಲ್ಲ.

ಇನ್ನು ಟೋಪಿಗೆ ಬರೋಣ. ಮೊದಲನೆಯದಾಗಿ ಅದು ಟೋಪಿಯಲ್ಲ, ರುಮಾಲು. ಈಶಾನ್ಯ ಬ್ರೆಜಿಲ್‌ನ ಬಹಿಯಾ ಪ್ರಾಂತ್ಯದ ಸಾಲ್ವಡೋರ್ ಊರಿನಲ್ಲಿ ಬೀದಿ ಬದಿ ತಿಂಡಿ ಮಾರುವ ಕಪ್ಪು ಹೆಂಗಸರ ಉಡುಗೆ ಅದು. ತಲೆಗೆ ಸುತ್ತಿದ ಬಟ್ಟೆ, ಕಸೂತಿ ರವಿಕೆ, ಗಂಜಿ ಹಾಕಿದ ಅಗಲ ಲಂಗ, ಕೊರಳ ತುಂಬ ಸರ, ಕೈ ತುಂಬ ಬಳೆ. ಆಫ್ರಿಕಾದಿಂದ ಗುಲಾಮರಾಗಿ ಬಂದವರ ಸಂತತಿ ಇವರು. ಇವರ ಹರಿವಾಣದಲ್ಲಿರುವ ಅಕರಜೆ ಎಂದರೆ ನಮ್ಮ ಅಲಸಂದೆ ವಡೆಯೇ. ಅದೇ ಕಾಳನ್ನು ನೆನೆಸಿ ರುಬ್ಬಿ ತಾಳೆ ಎಣ್ಣೆಯಲ್ಲಿ ಕರಿಯುತ್ತಾರೆ, ಅವರ ದೇವತೆ ಇಯಾನ್ಸಾಗೆ ಎಡೆಯಾಗಿಯೂ ಇಡುತ್ತಾರೆ. ಈ ವೇಷವನ್ನು ಕಾರ್ನಿವಾಲಿನಲ್ಲಿ ಜನ ಮೊದಲಿಂದಲೂ ಹಾಕುತ್ತಿದ್ದರು. ರಿಯೊದ ದೊಡ್ಡ ಮನೆತನದವರು ಅದನ್ನು ನೋಡಿ ಮೂಗು ಮುರಿಯುತ್ತಿದ್ದರು.

1939ರ ಫೆಬ್ರವರಿಯಲ್ಲಿ ‘ಬನಾನಾ ದ ತೆರಾ’ ಎಂಬ ಬ್ರೆಜಿಲ್ ಸಿನಿಮಾ ಬಂತು. ಅದಕ್ಕೆ ಹೆಸರಾಂತ ಆರಿ ಬರೋಸೊ ಅವರ ಹಾಡು ಇಡುವುದೆಂದಿತ್ತು, ದುಡ್ಡಿನ ವಿಷಯದಲ್ಲಿ ಮಾತು ಮುರಿಯಿತು. ಆ ಜಾಗಕ್ಕೆ ಸಾಲ್ವಡೋರ್‌ನಿಂದ ಆಗಷ್ಟೇ ರಿಯೊಗೆ ಬಂದಿದ್ದ, ಹೆಸರೇ ಇಲ್ಲದ ಹುಡುಗ ದೊರಿವಾಲ್ ಕಾಯಿಮ್ಮಿಯ ಹಾಡು ಸಿಕ್ಕಿತು. ಬಹಿಯಾದ ಹೆಣ್ಣಿನ ಬಳಿ ಏನೇನಿದೆ ಅಂತ ಕೇಳಿ, ರೇಷ್ಮೆ ರುಮಾಲು, ಚಿನ್ನದ ಓಲೆ, ಚಿನ್ನದ ಸರ, ಕಸೂತಿ ರವಿಕೆ, ಗಂಜಿ ಲಂಗ ಅಂತ ಒಂದೊಂದಾಗಿ ಎಣಿಸುವ ಹಾಡು. ಅಂದರೆ ವೇಷದ ಪಟ್ಟಿ ಹಾಡಿನಲ್ಲೇ ಇದೆ! ಕಾರ್ಮೆನ್ ಹಾಡಿನ ಪ್ರಕಾರ ಉಟ್ಟಳು. ಹಾಡಿನಲ್ಲಿ ಇಲ್ಲದ್ದು ಒಂದೇ, ರುಮಾಲಿನ ಮೇಲೆ ಕೂರಿಸಿದ ಪುಟ್ಟ ಹಣ್ಣಿನ ಬುಟ್ಟಿ. ಅದನ್ನು ಮಾಡಿದ ಕೈ ಯಾರದು? ಹಾಡುವ ಮೊದಲು ರಿಯೊದಲ್ಲಿ ಹೆಂಗಸರ ಟೋಪಿ ಅಂಗಡಿಯಲ್ಲಿ ಕೆಲಸಕ್ಕಿದ್ದು, ಟೋಪಿ ಕಟ್ಟುವುದನ್ನು ಕಲಿತಿದ್ದವಳು ಆಕೆಯೇ. ಎತ್ತರ ಒಂದೂವರೆ ಮೀಟರ್, ಅದಕ್ಕೇ ಕಾಲಿಗೆ ದಪ್ಪ ಅಟ್ಟೆಯ ಚಪ್ಪಲಿ, ತಲೆಗೆ ಗೋಪುರ. ಶುಬರ್ಟ್ ಕ್ಯಾಸಿನೊದಲ್ಲಿ ನೋಡಿ ಮರುಳಾದದ್ದು ಈ ಸಿದ್ಧ ವೇಷವನ್ನು. ಹಡಗು ಹತ್ತುವಾಗಲೇ ಅದು ಪೆಟ್ಟಿಗೆಯಲ್ಲಿತ್ತು.

ಹಾಗಾದರೆ ಹಾಲಿವುಡ್ ಏನೂ ಮಾಡಲಿಲ್ಲವೇ ಅಂದರೆ, ಮಾಡಿತು. ಬುಟ್ಟಿಯನ್ನು ಹಣ್ಣಿನ ಮಂಡಿಯನ್ನೇ ಮಾಡಿತು. 1943ರ ಒಂದು ಬಣ್ಣದ ಚಿತ್ರದಲ್ಲಿ ನಿರ್ದೇಶಕ ಬಸ್ಬಿ ಬರ್ಕ್ಲಿ ಹತ್ತಾರು ಹುಡುಗಿಯರ ಕೈಗೆ ಆಳೆತ್ತರದ ಬಾಳೆಹಣ್ಣು ಕೊಟ್ಟು, ಕಾರ್ಮೆನ್ ತಲೆಯಿಂದ ಆಕಾಶದವರೆಗೆ ಬಾಳೆಹಣ್ಣು ಬೆಳೆದ ಹಾಗೆ ತೋರಿಸಿದ. ಯುದ್ಧಕಾಲದಲ್ಲಿ ಲ್ಯಾಟಿನ್ ಅಮೆರಿಕವನ್ನು ತನ್ನ ಕಡೆ ಇಟ್ಟುಕೊಳ್ಳಬೇಕೆಂದು ಅಮೆರಿಕ ಸರ್ಕಾರಕ್ಕೆ ಹಟ, ಯುರೋಪಿನ ಮಾರುಕಟ್ಟೆ ಮುಚ್ಚಿಹೋಗಿ ಸ್ಟುಡಿಯೊಗಳಿಗೆ ಚಿಂತೆ. ಇಬ್ಬರಿಗೂ ಕಾರ್ಮೆನ್ ಬೇಕಾಗಿದ್ದಳು. ಹರಕು ಮುರುಕು ಇಂಗ್ಲಿಷಿನಲ್ಲಿ ನಗಿಸುವ ಒಂದೇ ಪಾತ್ರ ಮತ್ತೆ ಮತ್ತೆ ಕೊಟ್ಟರು. ದುಡ್ಡನ್ನೂ ಕೊಟ್ಟರು ಅನ್ನಿ. 1945ರಲ್ಲಿ ಎರಡು ಲಕ್ಷ ಡಾಲರಿಗೂ ಮೇಲೆ, ಅಮೆರಿಕದಲ್ಲೇ ಅತಿ ಹೆಚ್ಚು ಸಂಪಾದಿಸಿದ ಹೆಂಗಸು.

ಇದರ ಬಾಲವೊಂದಿದೆ, ಅದನ್ನೂ ಕತ್ತರಿಸಿಬಿಡೋಣ. ‘ಚಿಕೀಟಾ ಬಾಳೆಹಣ್ಣಿನ ಸ್ಟಿಕ್ಕರ್ ಮೇಲಿರುವವಳು ಅವಳೇ ಅಲ್ವಾ?’ ಅಲ್ಲ. ಅದು ಆ ಹಣ್ಣು ಮಾರುತ್ತಿದ್ದ ಯುನೈಟೆಡ್ ಫ್ರೂಟ್ ಕಂಪನಿಗೆ 1944ರಲ್ಲಿ ಡಿಕ್ ಬ್ರೌನ್ ಎಂಬ ವ್ಯಂಗ್ಯಚಿತ್ರಕಾರ ಬರೆದುಕೊಟ್ಟ ಚಿತ್ರ. ಮೊದಲು ಅದು ಹುಡುಗಿಯೂ ಅಲ್ಲ, ಲಂಗ ತೊಟ್ಟ ಬಾಳೆಹಣ್ಣು. ಕಾರ್ಮೆನ್ ಛಾಯೆ ಇದೆ, ಕಾರ್ಮೆನ್ ಇಲ್ಲ. ಆ ಬಾಳೆಹಣ್ಣಿಗೆಂದು ರೇಡಿಯೊದಲ್ಲಿ ಬರುತ್ತಿದ್ದ ಜಾಹೀರಾತು ಹಾಡು ಹಾಡಿದವಳೂ ಆಕೆಯಲ್ಲ.

ಊರಲ್ಲಿ ಏನಾಯಿತು ಅಂತ ಕೇಳುವವರಿಗೆ: 1940ರ ಜುಲೈನಲ್ಲಿ ಹಿಂದಿರುಗಿ ಬಂದಾಗ ಬೀದಿಯ ಜನ ಮೆರವಣಿಗೆ ಮಾಡಿದರು. ಅದೇ ಉರ್ಕಾ ಕ್ಯಾಸಿನೊದಲ್ಲಿ ಕೂತಿದ್ದ ದೊಡ್ಡ ಮನುಷ್ಯರು ಮಾತ್ರ ಚಪ್ಪಾಳೆ ತಟ್ಟಲಿಲ್ಲ. ಇಂಗ್ಲಿಷಿನಲ್ಲಿ ನಮಸ್ಕಾರ ಹೇಳಿದ್ದು ತಪ್ಪಾಯಿತಂತೆ. ಅಳುತ್ತ ಒಳಗೆ ಹೋದವಳು ಎರಡು ತಿಂಗಳಿಗೆ ‘ನಾನು ಅಮೆರಿಕದವಳಾಗಿ ಬಂದೆನಂತೆ’ ಎಂದು ಅವರನ್ನೇ ಛೇಡಿಸುವ ಸಾಂಬಾ ಹಿಡಿದು ಅದೇ ವೇದಿಕೆಗೆ ಬಂದು ಗೆದ್ದಳು. ಆಮೇಲೆ ಹದಿನಾಲ್ಕು ವರ್ಷ ಆ ಕಡೆ ಕಾಲಿಡಲಿಲ್ಲ. 1955ರ ಆಗಸ್ಟ್ 4ರಂದು ಟಿವಿ ಕಾರ್ಯಕ್ರಮವೊಂದರ ಚಿತ್ರೀಕರಣದಲ್ಲಿ ಉಸಿರು ಕಟ್ಟಿ ಮೊಣಕಾಲೂರಿದಳು, ಎದ್ದು ಕುಣಿತ ಮುಗಿಸಿದಳು. ಬೆಳಗಾಗುವುದರೊಳಗೆ ಬೆವರ್ಲಿ ಹಿಲ್ಸ್‌ನ ಮನೆಯಲ್ಲಿ ಹೃದಯಾಘಾತ. ವಯಸ್ಸು 46. ರಿಯೊದಲ್ಲಿ ಮಣ್ಣಿಗೆ ಬಂದವರು ಲಕ್ಷಾಂತರ.

ಹುಟ್ಟಿದ್ದು ಪೋರ್ಚುಗಲ್‌ನಲ್ಲಿ, 1909ರಲ್ಲಿ, ಆದ್ದರಿಂದ ಬ್ರೆಜಿಲ್‌ನವಳೇ ಅಲ್ಲ ಅನ್ನುವ ಜಾಣರೂ ಇದ್ದಾರೆ. ತಂದೆ ಕ್ಷೌರಿಕ, ಹೊಟ್ಟೆಪಾಡಿಗೆ ರಿಯೊಗೆ ಬಂದವರು. ಆಗ ಕೂಸಿಗೆ ವರ್ಷವೂ ತುಂಬಿರಲಿಲ್ಲ. ಕೊನೆಯವರೆಗೂ ಪೋರ್ಚುಗಲ್ ಪಾಸ್‌ಪೋರ್ಟೇ ಇತ್ತು, ನಿಜ. ಅದನ್ನು ಹಿಡಿದುಕೊಂಡು ಸಾಂಬಾ ಅಳೆಯುವವರ ಜೊತೆ ವಾದಕ್ಕೆ ಇಳಿಯುವಷ್ಟು ಪುರಸತ್ತು ನನಗಿಲ್ಲ.

ನೀವು ಕೇಳದಿದ್ದರೂ ಇದೊಂದು ಹೇಳಿಬಿಡುತ್ತೇನೆ. ಆ ಸಿನಿಮಾಗಳಲ್ಲಿ ಆಕೆಯ ಹಿಂದೆ ಗಿಟಾರ್ ಹಿಡಿದು ನಿಂತ ಹುಡುಗರನ್ನು ಗಮನಿಸಿದ್ದೀರಾ? ಬಾಂಡು ದ ಲುವಾ ತಂಡ. ಶುಬರ್ಟ್‌ಗೆ ಅವರು ಬೇಕಿರಲಿಲ್ಲ. ಅಮೆರಿಕದ ವಾದ್ಯದವರಿಗೆ ಸಾಂಬಾದ ತಾಳ ಬರುವುದಿಲ್ಲ, ಇವರು ಬಂದರೆ ನಾನು ಬಂದೆ ಅಂತ ಕಾರ್ಮೆನ್ ಪಟ್ಟು ಹಿಡಿದಳು. ಆ ತಂಡದ ಮುಂದಾಳು ಅಲೊಯ್ಸಿಯೊ ಡಿ ಒಲಿವೇರಾ, ಆಕೆ ತೀರಿಕೊಂಡ ಮೇಲೆ ರಿಯೊಗೆ ಮರಳಿ ಓಡಿಯನ್ ರೆಕಾರ್ಡ್ ಕಂಪನಿ ಸೇರಿದ. ಜೊಆಂವ್ ಜಿಲ್ಬೆರ್ಟೊ ಎಂಬ ಮೆಲುದನಿಯ ಹುಡುಗನ ಮೊದಲ ಎಲ್‌ಪಿ 1959ರಲ್ಲಿ ಹೊರಬಂದದ್ದು ಇವನ ಉಸ್ತುವಾರಿಯಲ್ಲಿ. ಬೊಸಾ ನೋವಾ ಎಂಬ ಮೆಲುದನಿಯ ಬ್ರೆಜಿಲ್ ಸಂಗೀತವನ್ನು ನೀವು ಕಾಫಿ ಅಂಗಡಿಗಳಲ್ಲಿ ಕೇಳುತ್ತೀರಲ್ಲ, ಅದು ಜಗತ್ತಿಗೆ ಹಬ್ಬಿದ್ದು ಅಲ್ಲಿಂದ. ಅಲೊಯ್ಸಿಯೊ 1963ರಲ್ಲಿ ಎಲೆಂಕು ಎಂಬ ಸ್ವಂತ ಕಂಪನಿ ಕಟ್ಟಿದ. ಮರುವರ್ಷ ಅದರಿಂದ ಬೊಸಾ ನೋವಾದ ದೊಡ್ಡ ಸಂಗೀತಗಾರ ಟಾಮ್ ಜೊಬಿಂ ಜೊತೆಗೂಡಿ ರೆಕಾರ್ಡ್ ತಂದವನು ಯಾರು ಗೊತ್ತೇ? ರುಮಾಲು, ಓಲೆ, ಲಂಗ ಎಣಿಸಿ ಹಾಡು ಕಟ್ಟಿದ್ದ ಅದೇ ದೊರಿವಾಲ್ ಕಾಯಿಮ್ಮಿ. ಆತ 94 ವರ್ಷ ಬದುಕಿ 2008ರಲ್ಲಿ ತೀರಿಕೊಂಡ.